ವಿದೇಶೀಯ ಪ್ರವಾಸಿಗಳು ಕಂಡ ವಿಜಯನಗರದ ಪೇಟೆ ಮತ್ತು ಅನ್ನದ ಏರ್ಪಾಡು

ವಿಜಯನಗರದ ಬೀದಿಗಳಲ್ಲಿ ಮುತ್ತುರತ್ನಗಳನ್ನು ಬಳ್ಳದಿಂದ ಅಳೆದು ಮಾರುತ್ತಿದ್ದರೆಂಬ ಮಾತು ಕನ್ನಡನಾಡಿನ ಪ್ರತಿಯೊಬ್ಬ ವಿದ್ಯಾರ್ಥಿಗೂ ಕಂಠಸ್ಥವಾಗಿದೆ. ಅದೇ ಬೀದಿಗಳಲ್ಲಿ ಅಕ್ಕಿಯನ್ನೂ ರಾಗಿಯನ್ನೂ ಅಳೆದವರು ಯಾರು, ಕೊಂಡವರು ಯಾರು, ಆ ಊರಿಗೆ ಹೊಸದಾಗಿ ಬಂದವನು ಹೊತ್ತಿಗೆ ಎಲ್ಲಿ ಉಣ್ಣುತ್ತಿದ್ದನು ಎಂಬ ಪ್ರಶ್ನೆಗಳನ್ನು ನಾವು ಕೇಳಿರುವುದು ಕಡಿಮೆ. ಪ್ರವಾಸಿಗಳ ಬರಹಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಿದಾಗ ನಮಗೆ ತೋರಿದ ಕೆಲವು ವಿಚಾರಗಳನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲು ಅಬ್ದುರ್ ರಜಾಕನನ್ನು ತೆಗೆದುಕೊಳ್ಳೋಣ. ತೈಮೂರನ ಮಗನಾದ ಶಾಹ್‌ರುಖನ ರಾಯಭಾರಿಯಾಗಿ ಈತನು 1443ರಲ್ಲಿ ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದನು. ಅರಮನೆಯ ಬಳಿಯ ಅಂಗಡಿ ಸಾಲುಗಳನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಈ ಜನರಿಗೆ ಗುಲಾಬಿ ಹೂವು ಅನ್ನದಷ್ಟೇ ಅಗತ್ಯವೆಂದು ಬೆರಗುಪಟ್ಟಿದ್ದಾನೆ. ಆದರೆ ಅವನ ಸ್ವಂತ ಅನ್ನ ಆ ಅಂಗಡಿಗಳಿಂದ ಬಂದುದಲ್ಲ. ದಿನವಹಿ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಇದರ ಮೇಲೆ ಎರಡು ವರಹ ಅವನ ಬಿಡಾರಕ್ಕೆ ಅರಸನಿಂದ ಬರುತ್ತಿದ್ದವು. ಇಷ್ಟು ಸಾಮಗ್ರಿ ಮನೆಬಾಗಿಲಿಗೆ ಬರುವವನು ಪೇಟೆಯ ಧಾರಣೆಯನ್ನು ವಿಚಾರಿಸುವ ಪ್ರಸಂಗವೇ ಇಲ್ಲ. ಆದುದರಿಂದ ಅವನ ಸಾಕ್ಷ್ಯವನ್ನು ಅರಮನೆಯ ಔದಾರ್ಯಕ್ಕೆ ಪ್ರಮಾಣವೆಂದು ಒಪ್ಪಬಹುದೇ ಹೊರತು ಊರಿನ ಆಹಾರಕ್ಕೆ ಪ್ರಮಾಣವೆಂದು ಒಪ್ಪುವುದು ಕಷ್ಟ.

ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನ ರೀತಿ ಬೇರೆ. ಅವನ ತಂಡಕ್ಕೂ ಅರಸನಿಂದ ಕುರಿ, ಕೋಳಿ, ಬೆಣ್ಣೆ ಮತ್ತು ಜೇನಿನ ಕೊಡಗಳು ಬಂದುವು. ಆದರೂ ಅವನು ಬೀದಿ ಬೀದಿ ಅಲೆದಿದ್ದಾನೆ. ಹೇರು ಹೊತ್ತ ಎತ್ತುಗಳ ಸಂದಣಿಯಲ್ಲಿ ದಾರಿ ಸಿಕ್ಕದೆ, ಅವು ಸಾಗುವ ತನಕ ನಿಲ್ಲಬೇಕು, ಇಲ್ಲವೆ ಬೇರೆ ಬೀದಿ ಹಿಡಿಯಬೇಕು ಎಂಬ ಅವನ ಮಾತು ಕಾಲ್ನಡೆಯಲ್ಲಿ ತಿರುಗಿದವನ ಅನುಭವದ ಮಾತು. ವಾರದ ಒಂದೊಂದು ದಿನ ಊರಿನ ಒಂದೊಂದು ಭಾಗದಲ್ಲಿ ಸಂತೆ ನೆರೆಯುತ್ತಿದ್ದುದನ್ನೂ, ಶುಕ್ರವಾರದ ಸಂತೆಗೆ ಹಂದಿ, ಕೋಳಿಗಳೊಡನೆ ಕಡಲಿನ ಒಣಮೀನು ಬರುತ್ತಿದ್ದುದನ್ನೂ ಅವನು ಗುರುತಿಸಿದ್ದಾನೆ. ಕರಾವಳಿಯ ಒಣಮೀನು ಘಟ್ಟ ಹತ್ತಿ ತುಂಗಭದ್ರೆಯ ದಡಕ್ಕೆ ಬರುತ್ತಿದ್ದಿತೆಂಬ ಈ ಒಂದು ವಾಕ್ಯ ವ್ಯಾಪಾರದ ಚರಿತ್ರೆಯನ್ನು ಬರೆಯುವವರಿಗೆ ಮುತ್ತುರತ್ನಗಳ ವರ್ಣನೆಗಿಂತ ಹೆಚ್ಚು ಬೆಲೆಯುಳ್ಳದ್ದೆಂದು ನಮ್ಮ ಅಭಿಪ್ರಾಯ.

ಅವನು ಕೊಡುವ ಧಾನ್ಯಗಳ ಪಟ್ಟಿಯನ್ನು ಮಾತ್ರ ಎಚ್ಚರಿಕೆಯಿಂದ ಓದಬೇಕಾಗಿದೆ. 1900ರಲ್ಲಿ ಪ್ರಕಟವಾದ ಸೂಯೆಲ್ಲರ ಗ್ರಂಥದ ಇಂಗ್ಲಿಷ್ ಅನುವಾದದಲ್ಲಿ ‘ಇಂಡಿಯನ್ ಕಾರ್ನ್’ ಎಂಬ ಮಾತು ಬರುತ್ತದೆ. ಇದನ್ನು ಕಂಡು, ಆ ಕಾಲಕ್ಕಾಗಲೇ ಇಲ್ಲಿ ಮೆಕ್ಕೆಜೋಳ ಬೆಳೆಯುತ್ತಿದ್ದರೆಂದು ಊಹಿಸುವವರುಂಟು. ಮೆಕ್ಕೆಜೋಳ ಅಮೆರಿಕ ಖಂಡದ ಧಾನ್ಯ; ಪಾಯೆಸನು ಬರೆಯುವ ವೇಳೆಗೆ ಅದು ಬಯಲುಸೀಮೆಯ ಮುಖ್ಯ ಬೆಳೆಗಳಲ್ಲಿ ಒಂದಾಗಿದ್ದಿತೆಂಬುದು ನಂಬತಕ್ಕ ಮಾತಲ್ಲ. ಅವನು ಕಂಡುದು ನಮ್ಮ ಜೋಳವೇ ಸರಿ. ಗೋಧಿ ಅಷ್ಟಾಗಿ ಬಳಕೆಯಲ್ಲಿಲ್ಲ, ಮುಸಲ್ಮಾನರಲ್ಲದೆ ಇತರರು ಅದನ್ನು ತಿನ್ನುವುದಿಲ್ಲ ಎಂದೂ ಅವನು ಹೇಳುತ್ತಾನೆ. ಊರಿನಲ್ಲಿ ಯಾವ ಯಾವ ಜನ ನೆಲಸಿದ್ದರೆಂಬುದನ್ನು ಅಂಗಡಿಯ ಮೂಟೆಗಳೇ ಹೇಳುತ್ತವೆ ಎಂಬುದಕ್ಕೆ ಇದೊಂದು ನಿದರ್ಶನ. ಅಕ್ಕಿ, ಹೆಸರು, ಹುರುಳಿ ಮೊದಲಾದವನ್ನು ಹೆಸರಿಸಿದ ಬಳಿಕ, ಸಾಮಾನ್ಯ ಜನರ ಆಹಾರವಾದ ಇತರ ಅನೇಕ ಧಾನ್ಯಗಳು ಹೇರಳವಾಗಿ ಬಹಳ ಅಗ್ಗವಾಗಿ ಸಿಕ್ಕುತ್ತವೆಂದು ಹೇಳಿ ಮುಂದೆ ಸಾಗುತ್ತಾನೆ. ಹೆಸರಿಲ್ಲದ ಆ ‘ಇತರ’ ಧಾನ್ಯಗಳೇ ನಮಗೆ ಬೇಕಾದವು. ರಾಗಿ, ನವಣೆ, ಸಾಮೆಗಳು ಅಲ್ಲಿಯೇ ಅಡಗಿರಬೇಕು. ಅದೇ ಶತಮಾನದ ಕನಕದಾಸರು ರಾಮಧಾನ್ಯಚರಿತ್ರೆಯಲ್ಲಿ ನರೆದಲೆಗವೆಂಬ ರಾಗಿಯನ್ನು ಅಕ್ಕಿಯ ಎದುರಿಗೆ ವಾದಕ್ಕೆ ನಿಲ್ಲಿಸಿದ್ದಾರೆ. ಊರಿನ ಬಹುಜನರು ಉಂಡ ಧಾನ್ಯ ಪರದೇಶದವನ ಪಟ್ಟಿಯಲ್ಲಿ ಹೆಸರಿಲ್ಲದೆ ಹೋಯಿತು. ಅದಕ್ಕೆ ಹೆಸರು ಕೊಟ್ಟವರು ನಾಡಿನ ಕವಿ.

ಬೆಲೆಗಳ ವಿಷಯದಲ್ಲಿಯೂ ಒಂದು ಸೂಕ್ಷ್ಮವಿದೆ. ಒಂದು ಸಣ್ಣ ನಾಣ್ಯಕ್ಕೆ ಪಟ್ಟಣದೊಳಗೆ ಮೂರು ಕೋಳಿ, ಹೊರಗೆ ನಾಲ್ಕು ಕೋಳಿ ಎಂದು ಪಾಯೆಸನು ಬರೆದಿದ್ದಾನೆ. ಈ ಒಂದು ಕೋಳಿಯ ಅಂತರ ಎಲ್ಲಿಂದ ಬಂದಿತು? ಸುಮಾರು 1535ರ ಕಾಲದ ಕುದುರೆ ವ್ಯಾಪಾರಿ ನೂನಿಜನ ಬರಹದಲ್ಲಿ ಇದಕ್ಕೆ ಉತ್ತರದ ಎಳೆ ದೊರೆಯುತ್ತದೆ. ಇಂದಿನ ಹೊಸಪೇಟೆಯಾದ ನಾಗಲಾಪುರದ ಬಾಗಿಲಿನ ಸುಂಕ ವರ್ಷಕ್ಕೆ 12,000 ವರಹಕ್ಕೆ ಗುತ್ತಿಗೆಯಾಗಿತ್ತೆಂದೂ, ಗುತ್ತಿಗೆದಾರರು ಕೇಳಿದಷ್ಟು ಕೊಡದೆ ಯಾರೂ ಒಳಹೊಗುವಂತಿರಲಿಲ್ಲವೆಂದೂ, ದಿನಕ್ಕೆ 2,000 ಹೇರೆತ್ತುಗಳು ಸುಂಕ ತೆತ್ತು ಬರುತ್ತಿದ್ದುವೆಂದೂ ಅವನು ಹೇಳುತ್ತಾನೆ. ಕೊಂಬಿಲ್ಲದ ಬೋಳೆತ್ತುಗಳಿಗೆ ಮಾತ್ರ ರಾಜ್ಯದಲ್ಲಿ ಎಲ್ಲಿಯೂ ಸುಂಕವಿಲ್ಲ! ಸರಕು ತುಂಬಿದ ಬೋಳೆತ್ತುಗಳನ್ನೇ ಹುಡುಕಿ ತರುತ್ತಿದ್ದ ಜಾಣ ವರ್ತಕರು ಇದ್ದಿರಲಾರರೇ ಎಂದು ನಮಗೆ ಕೆಲವು ವೇಳೆ ಅನ್ನಿಸಿದ್ದುಂಟು. ಅದು ಹೇಗೇ ಇರಲಿ, ಊರ ಬಾಗಿಲಿನಲ್ಲಿ ತೆತ್ತ ಸುಂಕ ಕೊನೆಗೆ ಕೊಳ್ಳುವವನ ತಲೆಯ ಮೇಲೆಯೇ ಬೀಳುತ್ತಿದ್ದಿತೆಂಬುದನ್ನು ಮೂರು ಮತ್ತು ನಾಲ್ಕರ ಈ ಲೆಕ್ಕ ಸೂಚಿಸುತ್ತದೆಂದು ತೋರುತ್ತದೆ. ಪ್ರವಾಸಿಗಳು ಹೊಗಳಿದ ಅಗ್ಗ ಹೊರನಾಡಿನಿಂದ ಬೆಳ್ಳಿಬಂಗಾರ ತಂದವನ ಕಣ್ಣಿಗೆ ಕಂಡ ಅಗ್ಗ. ಕೂಲಿಯವನ ಕೈಗೆ ಅದು ಎಷ್ಟು ಅಗ್ಗವಾಗಿತ್ತೆಂಬುದು ಬೇರೆಯ ಪ್ರಶ್ನೆ.

ಇಲ್ಲಿಯವರೆಗೆ ಹೇಳಿದುದೆಲ್ಲ ಧಾನ್ಯ, ಹಣ್ಣು ಮತ್ತು ಜೀವಂತ ಪ್ರಾಣಿಗಳ ಮಾತಾಯಿತು. ಬೆಂದ ಅನ್ನದ ಮಾತೇನು? ಇದನ್ನು ಅರಿಯಲು ನಾವು ವಿಜಯನಗರವನ್ನು ಬಿಟ್ಟು, 1470ರ ಆಸುಪಾಸಿನಲ್ಲಿ ಬಹಮನೀ ರಾಜ್ಯದಲ್ಲಿ ಸಂಚರಿಸಿದ ರಷ್ಯದ ವರ್ತಕ ಅಫನಾಸಿ ನಿಕಿತಿನನ ಬಳಿಗೆ ಹೋಗಬೇಕು. ಈತನು ರಾಯಭಾರಿಯಲ್ಲ. ಒಂದು ಕುದುರೆಯನ್ನು ಒಂದು ವರ್ಷ ಸಾಕಿ ಬೀದರಿನಲ್ಲಿ ಮಾರಿದವನು. ತನ್ನ ಚೀಲದ ದುಡ್ಡಿನಿಂದ ಉಂಡವನು. ಈ ದೇಶದಲ್ಲಿ ಎಲ್ಲವೂ ದುಬಾರಿ, ಒಂಟಿಯಾದ ತನಗೇ ದಿನಕ್ಕೆ ಎರಡೂವರೆ ಆಲ್ತಿನ್ ಖರ್ಚಾಗುತ್ತದೆ, ಮದ್ಯವನ್ನಂತೂ ಮುಟ್ಟಿಲ್ಲ ಎಂದು ಹಲುಬಿದ್ದಾನೆ. ಪೋರ್ಚುಗೀಸರ ಹೊಗಳಿಕೆಯ ಪಕ್ಕದಲ್ಲಿ ಈ ಹಲುಬನ್ನೂ ಇಟ್ಟು ಓದುವುದು ಯುಕ್ತ. ಪರದೇಶದ ವರ್ತಕರು ಇಳಿದುಕೊಳ್ಳುವ ಬಿಡದಿಗಳಲ್ಲಿ ಮನೆಯೊಡತಿಯೇ ಅಡಿಗೆ ಮಾಡಿ ಹಾಸಿಗೆ ಹಾಸುತ್ತಿದ್ದಳೆಂದು ಅವನಿಂದಲೇ ತಿಳಿಯುತ್ತದೆ. ಆದರೆ ಹಿಂದುಗಳು ಇತರರೊಡನೆ ಕುಳಿತು ಉಣ್ಣುವುದಿಲ್ಲ, ಪರರ ಕಣ್ಣು ಬಿದ್ದ ಅನ್ನವನ್ನು ಬಿಡುವವರಿದ್ದಾರೆ, ದಾರಿಯಲ್ಲಿ ಪ್ರತಿಯೊಬ್ಬನೂ ತನ್ನದೇ ಗಡಿಗೆಯಲ್ಲಿ ಬೇಯಿಸಿಕೊಳ್ಳುತ್ತಾನೆ ಎಂದೂ ಬರೆದಿದ್ದಾನೆ.

ಆ ಗಡಿಗೆಯಲ್ಲಿಯೇ ನಮ್ಮ ಪ್ರಶ್ನೆಯ ತಿರುಳಿದೆ. ಪೇಟೆಯಲ್ಲಿ ಅಕ್ಕಿ ಯಾರಿಗಾದರೂ ದೊರೆಯುತ್ತಿತ್ತು. ಅನ್ನ ಹಾಗೆ ದೊರೆಯುತ್ತಿರಲಿಲ್ಲ. ಅನ್ನವನ್ನು ಹಂಚಿದುದು ಸತ್ರ ಮತ್ತು ದೇವಾಲಯ. ತಿರುಪತಿಯ ವಿಜಯನಗರ ಕಾಲದ ಶಾಸನಗಳಲ್ಲಿ ನೈವೇದ್ಯದ ಕಾಲುಭಾಗ ದಾನಿಗೆ ಸಲ್ಲುತ್ತಿದ್ದುದು ಕಾಣಬರುತ್ತದೆ. ಆ ಪಾಲು ಮಾರಾಟಕ್ಕೂ ಬಂದು ಯಾತ್ರಿಕರ ಕೈ ಸೇರುತ್ತಿತ್ತು. ಅಡಿಗೆಯವನ ಕುಲವನ್ನು ಕೇಳುವ ಸಮಾಜದಲ್ಲಿ ಬೆಂದ ಅನ್ನ ಕ್ರಯಕ್ಕೆ ಬರಬೇಕಾದರೆ ಅದು ಮೊದಲು ಪ್ರಸಾದವಾಗಬೇಕಾಯಿತು. ಆದರೆ ದೇವಾಲಯದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನೂ ಇಲ್ಲಿ ಮರೆಯುವಂತಿಲ್ಲ.

ಹಂಪೆಯ ಅವಶೇಷಗಳಲ್ಲಿ ಭೋಜನಶಾಲೆಯೆಂದು ಕರೆಯಲಾಗುವ ಸ್ಥಳವೊಂದಿದೆ. ನಡುವೆ ನೀರಿನ ಕಾಲುವೆ, ಅದರ ಎರಡು ಪಕ್ಕಗಳಲ್ಲಿಯೂ ಸಾಲಾಗಿ ಜೋಡಿಸಿದ ಕಲ್ಲಿನ ಎಲೆಗಳು. ಅನ್ನಕ್ಕೂ ವ್ಯಂಜನಗಳಿಗೂ ಬೇರೆ ಬೇರೆ ಗುಳಿಗಳನ್ನು ಕೊರೆದಿದ್ದಾರೆ. ಪಂಕ್ತಿ ಮುಗಿದೊಡನೆ ಕಾಲುವೆಯ ನೀರಿನಿಂದ ತೊಳೆದು ಮುಂದಿನ ಪಂಕ್ತಿಯನ್ನು ಕೂರಿಸಲು ಅನುಕೂಲವಾಗಿರುವ ಏರ್ಪಾಡು. ಆ ಪಂಕ್ತಿಯಲ್ಲಿ ಕುಳಿತವರು ಸೈನಿಕರೋ, ಅರಮನೆಯ ಊಳಿಗದವರೋ, ದೂರದಿಂದ ಬಂದ ಹೊಸಬರೋ ಎಂಬುದನ್ನು ಕಲ್ಲು ಹೇಳುವುದಿಲ್ಲ. ಪಾಯೆಸನು ಬೀದಿ ಬೀದಿ ತಿರುಗಿದ ಊರಿನಲ್ಲಿ ಅವನ ಧಾನ್ಯಪಟ್ಟಿಯಿಂದ ಹೊರಗುಳಿದವರು ಕುಳಿತು ಉಂಡ ತಾಣಗಳನ್ನು ಹುಡುಕುವ ವಿದ್ಯಾರ್ಥಿಗಳು ಆ ಕಲ್ಲೆಲೆಗಳ ಎದುರಿನಿಂದಲೇ ತಮ್ಮ ಕೆಲಸವನ್ನು ತೊಡಗಬಹುದು.