ಅಂಗೈ ಅಗಲದ ಕಾರ್ಡಿನಲ್ಲಿ ಅಮೂರ್ತ ಚಿತ್ರ

ಬ್ಯಾಡಗಿಯ ಮೆಣಸಿನಕಾಯಿಗೆ ಬೆಲೆ ಕಟ್ಟುವಾಗ ಖಾರಕ್ಕಿಂತ ಬಣ್ಣಕ್ಕೇ ಹೆಚ್ಚು ಮಾನ. ಸುಕ್ಕುಗಟ್ಟಿದ ಡಬ್ಬಿ ಮತ್ತು ಕಡ್ಡಿ ಕಾಯಿಗಳಲ್ಲಿ ಖಾರ ಕಡಿಮೆ, ಕೆಂಪು ಹೆಚ್ಚು. ಅವುಗಳಿಂದ ತೆಗೆಯುವ ಓಲಿಯೋರೆಸಿನ್ ಎಂಬ ಸತ್ವವನ್ನು ಆಹಾರ ಪದಾರ್ಥಗಳಿಗೂ ತುಟಿಬಣ್ಣಕ್ಕೂ ಬಳಸುತ್ತಾರೆ. ಕಾಯಿಯನ್ನು ಕೈಯಲ್ಲಿ ಹಿಡಿದು ನೋಡುವ ವ್ಯಾಪಾರಿ ಈ ಕೆಂಪಿನ ಅರ್ಥವೇನು ಎಂದು ಕೇಳುವುದಿಲ್ಲ. ಅಲ್ಲಿ ಬಣ್ಣ ಬಣ್ಣವಾಗಿಯೇ ಬೆಲೆ ಪಡೆಯುತ್ತದೆ.

ಚಿತ್ರಕಲೆಯಲ್ಲಿ ಇದೇ ಮಾತನ್ನು ಜನರಿಗೆ ಒಪ್ಪಿಸಲು ಕಲಾವಿದರು ನೂರು ವರ್ಷಗಳಿಂದ ಹೆಣಗುತ್ತಿದ್ದಾರೆ. ದೇವರು, ರಾಜ, ಮರ, ಮನೆ ಯಾವುದೂ ಇಲ್ಲದ ಚಿತ್ರವನ್ನು ಅಮೂರ್ತ ಎನ್ನುತ್ತಾರೆ. ಅದರಲ್ಲೂ ಒಂದು ಚೌಕ, ಕೆಲವು ಗೆರೆ, ಒಂದೇ ಬಣ್ಣದ ಹರವು ಇಷ್ಟರಲ್ಲೇ ಮುಗಿಯುವ ಚಿತ್ರಗಳಿಗೆ ಮಿನಿಮಲ್ ಎಂಬ ಹೆಸರಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳಲ್ಲಿ ಇವುಗಳ ಮೂಲಕೃತಿ ಕಾಣಸಿಗುವುದು ಅಪರೂಪ. ಬೆಂಗಳೂರಿನ ಮಾಣಿಕ್ಯವೇಲು ಭವನದಲ್ಲಿ 2009ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಹಾವೇರಿಯಿಂದ 300 ಕಿ.ಮೀ.ಗೂ ದೂರದಲ್ಲಿದೆ. ಹೀಗಾಗಿ ಇಲ್ಲಿನವರಿಗೆ ಮೊದಲು ಸಿಗುವುದು ಅಚ್ಚಾದ ಪ್ರತಿ: ಪುಸ್ತಕದ ಪುಟ, ಕ್ಯಾಲೆಂಡರು ಇಲ್ಲವೇ ಚಿತ್ರದ ಅಂಚೆ ಕಾರ್ಡು. ಆ ಕಾರ್ಡು ಮೂಲದಿಂದ ಏನನ್ನು ತಂದು ಮುಟ್ಟಿಸುತ್ತದೆ, ಏನನ್ನು ದಾರಿಯಲ್ಲೇ ಬಿಟ್ಟು ಬರುತ್ತದೆ?

ಅಂಚೆ ಕಾರ್ಡು ಹುಟ್ಟಿದ್ದು ಕಲೆಗಾಗಿ ಅಲ್ಲ. 1869ರ ಅಕ್ಟೋಬರ್ 1ರಂದು ಆಸ್ಟ್ರಿಯಾ–ಹಂಗೆರಿ ಅದನ್ನು ಮೊದಲು ಹೊರತಂದಿತು. ಭಾರತಕ್ಕೆ ಅದು 1879ರ ಜುಲೈ 1ರಂದು ಬಂತು. ಬೆಲೆ ಕಾಲಾಣೆ. ಬೆನ್ನಿಗೆ ಚಿತ್ರ ಹೊತ್ತ ಕಾರ್ಡುಗಳು ಆ ಶತಮಾನದ ಕೊನೆಗೆ ಜನಪ್ರಿಯವಾದವು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮನ ಮುದ್ರಣಾಲಯ ಲಕ್ಷ್ಮಿ, ಸರಸ್ವತಿಯರನ್ನು ಮನೆಮನೆಯ ಗೋಡೆಗೆ ತಂದಿತು. ಅವನ ಚಿತ್ರಗಳು ಕಾರ್ಡುಗಳ ಮೇಲೂ ಅಚ್ಚಾದವು. 1954ರಲ್ಲಿ ಸ್ಥಾಪನೆಯಾದ ಕೇಂದ್ರ ಲಲಿತಕಲಾ ಅಕಾಡೆಮಿಯೂ ಆಧುನಿಕ ಕಲಾವಿದರ ಕೃತಿಗಳ ಬಣ್ಣದ ಪ್ರತಿಗಳನ್ನೂ ಚಿತ್ರ ಕಾರ್ಡುಗಳನ್ನೂ ಪ್ರಕಟಿಸಿತು.

ರವಿವರ್ಮನ ಲಕ್ಷ್ಮಿ ಎಷ್ಟು ಕಿರಿದಾದರೂ ಲಕ್ಷ್ಮಿಯೇ. ಕಮಲವಿದೆ, ಆನೆಯಿದೆ, ನೋಡುವವರು ಗುರುತು ಹಿಡಿಯುತ್ತಾರೆ. ಚಿತ್ರ ಕುಗ್ಗಿದರೂ ಕಥೆ ಕುಗ್ಗುವುದಿಲ್ಲ. ಆದರೆ ಕಥೆಯೇ ಇಲ್ಲದ ಚಿತ್ರಕ್ಕೆ ಅಳತೆ, ಮೇಲ್ಮೈ, ಬಣ್ಣದ ಹದ ಇವೇ ಸರ್ವಸ್ವ. ಅಚ್ಚಿನಲ್ಲಿ ಮೊದಲು ಕಳೆದುಹೋಗುವುದೂ ಇವೇ.

ರಷ್ಯಾದ ಮಲೇವಿಚ್‌ನ ‘ಕಪ್ಪು ಚೌಕ’ವನ್ನೇ ನೋಡಬಹುದು. 1915ರಲ್ಲಿ ಪೆಟ್ರೋಗ್ರಾಡ್‌ನ ಪ್ರದರ್ಶನದಲ್ಲಿ ಅದನ್ನು ಕೋಣೆಯ ಮೇಲ್ಮೂಲೆಯಲ್ಲಿ ತೂಗುಹಾಕಿದ್ದರು. ರಷ್ಯನ್ ಮನೆಗಳಲ್ಲಿ ಅದು ದೇವರ ಪಟ ಇಡುವ ಜಾಗ. ಮೂಲಚಿತ್ರದ ಒಂದೊಂದು ಬದಿ 79.5 ಸೆಂ.ಮೀ. ಹತ್ತು ಸೆಂ.ಮೀ. ಅಗಲದ ಕಾರ್ಡಿಗೆ ಇಳಿದಾಗ ಅದರ ವಿಸ್ತಾರ ಅರವತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ಕಪ್ಪು ಬಣ್ಣ ಬಿರುಕು ಬಿಟ್ಟು ಒಳಗಿನ ಬೇರೆ ಬಣ್ಣಗಳು ಅಲ್ಲಲ್ಲಿ ಇಣುಕುತ್ತವೆ. ಅದರಡಿಯಲ್ಲಿ ಹಿಂದೆ ಬರೆದ ಎರಡು ಚಿತ್ರಗಳಿವೆ ಎಂದು ಮಾಸ್ಕೋದ ಟ್ರೆಟ್ಯಕೋವ್ ಗ್ಯಾಲರಿಯ ತಜ್ಞರು 2015ರಲ್ಲಿ ಪ್ರಕಟಿಸಿದರು. ಕಾರ್ಡಿನಲ್ಲಿ ಇದಾವುದೂ ಇಲ್ಲ. ಶಾಯಿಯ ಒಂದು ಚೌಕವಷ್ಟೇ ಉಳಿಯುತ್ತದೆ. ‘ಇದನ್ನು ನಮ್ಮ ಹುಡುಗನೂ ಬರೆದಾನು’ ಎಂಬ ಮಾತು ಎಷ್ಟೋ ಸಲ ಹುಟ್ಟುವುದು ಇಂಥ ಪ್ರತಿಗಳನ್ನು ನೋಡಿಯೇ.

ನಮ್ಮ ದೇಶದ ವಿ.ಎಸ್. ಗಾಯತೊಂಡೆ (1924–2001) ಅವರ ಚಿತ್ರಗಳಿಗೂ ಇದೇ ಗತಿ. ರೋಲರು ಮತ್ತು ಚೂರಿಯಿಂದ ಬಣ್ಣ ಹಚ್ಚಿ, ಕೆರೆದು, ಪದರದ ಮೇಲೆ ಪದರ ಕೂರಿಸಿ ವರ್ಷಕ್ಕೆ ಕೆಲವೇ ಚಿತ್ರಗಳನ್ನು ಮಾಡುತ್ತಿದ್ದವರು ಅವರು. ಒಳಗಿನ ಪದರದಿಂದ ಬೆಳಕು ಹೊಮ್ಮುವಂತೆ ಕಾಣುವುದೇ ಅವುಗಳ ಸೊಗಸು. ಆಫ್‌ಸೆಟ್ ಮುದ್ರಣದಲ್ಲಿ ಪದರಗಳಿಲ್ಲ. ನೀಲಿ, ಗುಲಾಬಿಗೆಂಪು, ಹಳದಿ, ಕಪ್ಪು ಎಂಬ ನಾಲ್ಕೇ ಶಾಯಿಗಳ ಚುಕ್ಕೆಗಳು ಸೇರಿ ಕಣ್ಣಿಗೆ ಉಳಿದ ಬಣ್ಣಗಳ ಭ್ರಮೆ ಹುಟ್ಟಿಸುತ್ತವೆ. ಭೂತಗನ್ನಡಿ ಹಿಡಿದರೆ ಆ ಚುಕ್ಕೆಗಳು ಕಾಣಿಸುತ್ತವೆ.

ಹಾಗೆಂದು ಕಾರ್ಡು ಎಲ್ಲರಿಗೂ ಮೋಸ ಮಾಡುವುದಿಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳು ಅಚ್ಚಿನಲ್ಲೂ ಬಹುಪಾಲು ಹಾಗೆಯೇ ಉಳಿಯುತ್ತವೆ. ಎರಡೋ ಮೂರೋ ಗೆರೆಗಳಲ್ಲಿ ಕುಣಿಯುವ ದೇಹವನ್ನು ಹಿಡಿಯುವ ಅವರ ಕೈಚಳಕಕ್ಕೆ ಕಪ್ಪು ಶಾಯಿ, ಬಿಳಿ ಕಾಗದ ಸಾಕು. ಅಮೂರ್ತದಲ್ಲೂ ದಿಟ್ಟ ಆಕಾರಗಳು ಹೆಚ್ಚು ಬಾಳಿಕೆ ಬರುತ್ತವೆ. ಎಸ್.ಎಚ್. ರಜಾ (1922–2016) ಚಂಚಲ ಸ್ವಭಾವದ ಹುಡುಗನಾಗಿದ್ದಾಗ ಅವರ ಮೇಷ್ಟ್ರು ಗೋಡೆಯ ಮೇಲೆ ಒಂದು ಚುಕ್ಕೆಯಿಟ್ಟು ಅದನ್ನೇ ನೋಡುವಂತೆ ಹೇಳಿದ್ದರಂತೆ. ಆ ಚುಕ್ಕೆ ಮುಂದೆ ಅವರ ‘ಬಿಂದು’ ಚಿತ್ರಗಳಾಗಿ ಬೆಳೆಯಿತು. 1982ರಲ್ಲಿ ನಮ್ಮ ಅಂಚೆ ಇಲಾಖೆ ‘ಬಿಂದು’ವನ್ನು ಅಂಚೆಚೀಟಿಯ ಮೇಲೆಯೇ ಅಚ್ಚು ಹಾಕಿತು. ಕಾರ್ಡಿಗಿಂತ ಎಷ್ಟೋ ಚಿಕ್ಕದಾದ ಚೀಟಿಯಲ್ಲೂ ಬಿಂದು ಬಿಂದುವಾಗಿಯೇ ಉಳಿಯಿತು.

ಆದ್ದರಿಂದ ಕಾರ್ಡನ್ನು ಚಿತ್ರವೆಂದು ತಿಳಿಯದೆ, ಚಿತ್ರದ ಸುದ್ದಿ ತಂದ ಪತ್ರವೆಂದು ತಿಳಿಯುವುದು ಲೇಸು. ಒಳ್ಳೆಯ ಕಾರ್ಡುಗಳ ಹಿಂಬದಿಯಲ್ಲಿ ಕಲಾವಿದನ ಹೆಸರು, ವರ್ಷ, ಮಾಧ್ಯಮ, ಮೂಲದ ಅಳತೆ ಇರುತ್ತವೆ. ಅಮೂರ್ತ ಚಿತ್ರದ ಮಟ್ಟಿಗೆ ಆ ಬದಿಯೂ ಮುಂಬದಿಯಷ್ಟೇ ಮುಖ್ಯ. ಆ ಅಳತೆಯನ್ನು ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿ ನೋಡಿದರೆ, ಕೈಯಲ್ಲಿರುವ ಕಾರ್ಡು ಯಾವುದನ್ನು ಬಿಟ್ಟು ಬಂದಿದೆ ಎಂಬುದು ಥಟ್ಟನೆ ಹೊಳೆಯುತ್ತದೆ. ಶಾಲೆಯ ಚಿತ್ರಕಲೆಯ ಮೇಷ್ಟ್ರುಗಳಿಗೆ ಇದೊಂದು ಖರ್ಚಿಲ್ಲದ ಪಾಠವಾದೀತು.

ಮೆಣಸಿನಕಾಯಿಯ ಫೋಟೋ ನೋಡಿ ಬ್ಯಾಡಗಿಯ ವ್ಯಾಪಾರಿ ದರ ಹೇಳಲಾರ. ಕಾಯಿ ಕೈಗೆ ಬರಬೇಕು. ಇದು ತಿಳಿದವರಿಗೆ ಅಮೂರ್ತ ಚಿತ್ರದ ಕಷ್ಟವೂ ತಿಳಿಯದೆ ಇರದು. ಬೆಂಗಳೂರಿಗೆ ಹೋದಾಗ ಒಂದು ಗಂಟೆ ಬಿಡುವು ಮಾಡಿಕೊಂಡು ಮೂಲಚಿತ್ರದ ಎದುರು ನಿಲ್ಲಬೇಕೆಂಬ ಆಸೆ ಹುಟ್ಟಿಸಿದರೆ ಕಾರ್ಡು ತನ್ನ ಕೆಲಸ ಮಾಡಿದಂತೆ.