ತಪಾಸಣೆ ಕೋಣೆಯಲ್ಲಿ ಮಗುವಿನ ಅಂಜಿಕೆ

ಲೈಂಗಿಕ ದೌರ್ಜನ್ಯ ನಡೆದಿರಬಹುದೆಂಬ ಸಂಶಯದ ಮೇಲೆ ಮಗುವೊಂದನ್ನು ಕುಷ್ಟಗಿಯಿಂದಲೋ ಯಲಬುರ್ಗಾದಿಂದಲೋ ಕೊಪ್ಪಳದ ದೊಡ್ಡಾಸ್ಪತ್ರೆಗೆ ಕರೆತಂದರೆ, ಡಾಕ್ಟರ ಮುಂದೆ ಕೂರುವ ಹೊತ್ತಿಗೆ ಅದು ಮನೆ, ಠಾಣೆ ಎಂದು ಹಲವರ ಮುಂದೆ ಹೇಳಿ ಹೇಳಿ ಸೋತಿರುತ್ತದೆ. ಅದರ ಮೇಲೆ ಗುರುತಿಲ್ಲದವರ ಕೈ ಮೈಗೆ ತಾಕುತ್ತದೆ. ಈ ಅಂಜಿಕೆಯೂ ವೈದ್ಯರ ಹೊಣೆ ಎಂದು ಒಪ್ಪಿಕೊಳ್ಳಲು ವೈದ್ಯಲೋಕಕ್ಕೆ ದಶಕಗಳೇ ಹಿಡಿದವು.

1962ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಹೆನ್ರಿ ಕೆಂಪ್ ಮತ್ತು ಸಂಗಡಿಗರು ಹೊಡೆತ ತಿಂದ ಮಕ್ಕಳ ಬಗ್ಗೆ ಬರೆದಾಗ ಗಮನವೆಲ್ಲ ಗಾಯ ಗುರುತಿಸುವುದರ ಮೇಲಿತ್ತು. 1985ರಲ್ಲಿ ಅಲಬಾಮದ ಹಂಟ್ಸ್‌ವಿಲ್‌ನಲ್ಲಿ, ಮಗುವನ್ನು ಕಚೇರಿಯಿಂದ ಕಚೇರಿಗೆ ಅಲೆಸದೆ ಎಲ್ಲರೂ ಅದರ ಬಳಿಗೇ ಬರುವ ಕೇಂದ್ರ ಶುರುವಾಯಿತು. ಆದರೆ ದೊಡ್ಡ ತಿರುವು 1994ರದು ಎಂದೇ ನನ್ನ ಎಣಿಕೆ. ಲೈಂಗಿಕ ದೌರ್ಜನ್ಯ ಕಾನೂನಿನ ಪ್ರಕಾರ ಸಾಬೀತಾದ ಪ್ರಕರಣಗಳಲ್ಲೂ ಬಹುಪಾಲು ಮಕ್ಕಳ ಮೈಮೇಲೆ ಖಚಿತ ಗುರುತೇ ಸಿಗುವುದಿಲ್ಲ ಎಂದು ಅಮೆರಿಕದ ವೈದ್ಯೆ ಜಾಯ್ಸ್ ಆಡಮ್ಸ್ ತಂಡ ಆಗ ತೋರಿಸಿತು. ಸಾಕ್ಷ್ಯಕ್ಕಾಗಿ ಅಳುವ ಮಗುವನ್ನು ಅದುಮಿ ಹಿಡಿಯುವುದಕ್ಕೆ ಇದ್ದ ನೆಪ ಅಲ್ಲಿಗೆ ಬಿದ್ದುಹೋಯಿತು. 1999ರಲ್ಲಿ ಅಳು, ಬಿಗಿದ ಮೈ, ಕೈಕಾಲು ಝಾಡಿಸುವುದು ಇವನ್ನೆಲ್ಲ ಗಮನಿಸಿ ತಪಾಸಣೆಯ ಸಂಕಟವನ್ನೇ ಅಳೆಯುವ ಮಾಪಕ ಬಂತು.

ನಮ್ಮಲ್ಲಿ ದಾರಿ ತೆರೆದದ್ದು 2012ರ ನವೆಂಬರ್ 14ರಂದು ಜಾರಿಗೆ ಬಂದ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ. ಅದರ 27ನೇ ಕಲಂ ಪ್ರಕಾರ ಎಫ್‌ಐಆರ್ ಆಗದಿದ್ದರೂ ತಪಾಸಣೆ ಮಾಡಬಹುದು. ಹುಡುಗಿಯನ್ನು ಮಹಿಳಾ ವೈದ್ಯರೇ ನೋಡಬೇಕು. ಮಗು ನಂಬುವ ಒಬ್ಬರು ಜೊತೆಗಿರಬೇಕು. 2014ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕೊಟ್ಟ ಮಾರ್ಗಸೂಚಿ ಹನ್ನೆರಡು ದಾಟಿದ ಮಗುವಿನ ಸ್ವಂತ ಒಪ್ಪಿಗೆ ಕೇಳಿತು, ಯೋನಿಯೊಳಗೆ ಬೆರಳಿಟ್ಟು ನೋಡುವ ‘ಎರಡು ಬೆರಳ ಪರೀಕ್ಷೆ’ ಬೇಡವೆಂದಿತು. ಆ ಪರೀಕ್ಷೆ ಖಾಸಗಿತನಕ್ಕೆ ಧಕ್ಕೆ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. 2022ರಲ್ಲಿ ಮತ್ತೆ, ಇನ್ನೂ ಕಟುವಾಗಿ ಹೇಳಬೇಕಾಗಿ ಬಂದದ್ದು ನೋವಿನ ಸಂಗತಿ.

ಕೋಣೆಯೊಳಗೆ ಇದೆಲ್ಲ ಸಣ್ಣ ಸಣ್ಣ ನಡೆಗಳಾಗಿ ಇಳಿಯಬೇಕು. ಡಾಕ್ಟರು ಮೊದಲು ಸ್ಟೆತಾಸ್ಕೋಪನ್ನು ಮಗುವಿನ ಕೈಗೇ ಕೊಡುತ್ತಾರೆ. ಕಿವಿ, ಗಂಟಲು, ಹೊಟ್ಟೆ ನೋಡಿ ಆಮೇಲೆ ಮುಂದಿನದು. ಚಿಕ್ಕ ಮಗುವಾದರೆ ಅವ್ವನ ತೊಡೆಯ ಮೇಲೇ ಕೂತಿರುತ್ತದೆ, ನೋಡುವಷ್ಟು ಭಾಗ ಬಿಟ್ಟು ಉಳಿದದ್ದಕ್ಕೆ ಹೊದಿಕೆ ಇರುತ್ತದೆ. “ಅಂಜಬ್ಯಾಡವ್ವಾ, ನೀ ಸಾಕು ಅಂದ್ರ ನಿಲ್ಲಸ್ತೀನಿ” ಎಂದು ಹೇಳಿದರಷ್ಟೇ ಸಾಲದು, ಮಗು ಸಾಕು ಎಂದ ಕ್ಷಣ ನಿಜವಾಗಿಯೂ ನಿಲ್ಲಿಸಬೇಕು. ತನ್ನ ಮೈಮೇಲಿನ ಹಕ್ಕನ್ನು ಒಮ್ಮೆ ಕಳೆದುಕೊಂಡ ಮಗುವಿಗೆ ಅದನ್ನು ಮರಳಿಸುವುದೇ ಚಿಕಿತ್ಸೆಯ ಮೊದಲ ಮಾತ್ರೆ. ಅಂಜಿಕೆ ಮರೆಸುವ ಆಟಿಕೆಗೆ ದೂರ ಹೋಗಬೇಕಿಲ್ಲ, ಬಣ್ಣದ ಮರದ ಗೊಂಬೆಗಳ ಕಿನ್ನಾಳ ಕೊಪ್ಪಳ ತಾಲ್ಲೂಕಿನಲ್ಲೇ ಇದೆ.

ಬಾಲ್ಯವಿವಾಹ ಇನ್ನೂ ಬಿಡದ ಕೊಪ್ಪಳ ಸೀಮೆಯಲ್ಲಿ ತಪಾಸಣೆಗೆ ಬರುವವರು ಎಳೆಯರಷ್ಟೇ ಅಲ್ಲ. ಹದಿನಾರು, ಹದಿನೇಳರ ಬಸುರಿಯೂ ಕಾನೂನಿನ ಕಣ್ಣಲ್ಲಿ ಮಗುವೇ. ಆಸ್ಪತ್ರೆ ಪೊಲೀಸರಿಗೆ ತಿಳಿಸಲೇಬೇಕು. ಗಂಡನನ್ನು ಹಿಡಿದೊಯ್ಯುತ್ತಾರೆಂಬ ಅವಳ ಭಯ ಗೊಂಬೆಗೆ ಕರಗುವುದಿಲ್ಲ. ಮುಂದೇನಾಗುತ್ತದೆಂದು ಮುಚ್ಚುಮರೆಯಿಲ್ಲದೆ ಹೇಳುವ, ಠಾಣೆಗೂ ಕೋರ್ಟಿಗೂ ಜೊತೆ ಬರುವ ಒಬ್ಬರು ಅವಳಿಗೆ ಬೇಕು. ಪೋಕ್ಸೊ ಕಾಯ್ದೆಯ 2020ರ ನಿಯಮಗಳು ಇಂಥ ಬೆಂಬಲ ವ್ಯಕ್ತಿಗೆ ಜಾಗ ಕೊಟ್ಟಿವೆ. ಪೊಲೀಸರ ಪತ್ರ ತನ್ನಿರೆಂದು ತುರ್ತು ಚಿಕಿತ್ಸೆ ತಡೆಯಬಾರದೆಂದೂ ಹೇಳಿವೆ.

ಹಾಗಾಗಿ ಗಂಗಾವತಿಯಲ್ಲೋ ಕುಷ್ಟಗಿಯಲ್ಲೋ ಮಗು ಮೊದಲು ಬಂದ ಆಸ್ಪತ್ರೆಯೇ ಕೆಲಸ ಶುರುಮಾಡಬೇಕು. ನಂಬಿಕೆಯವರು ಯಾರೂ ಜೊತೆಗಿಲ್ಲದಾಗ ಆಸ್ಪತ್ರೆಯ ಮುಖ್ಯಸ್ಥರು ಮಹಿಳೆಯೊಬ್ಬರನ್ನು ನೇಮಿಸಬೇಕೆಂದು ಕಾಯ್ದೆ ಹೇಳುತ್ತದೆ. ಅವರು ಯಾರೆಂದು ಮಗು ಬಂದ ರಾತ್ರಿ ಹುಡುಕುವುದಲ್ಲ, ತಿಂಗಳ ಡ್ಯೂಟಿ ಪಟ್ಟಿಯಲ್ಲೇ ಹೆಸರಿರಬೇಕು.