ರೈಲು ನಟ್ಟಿಗೆ ಜೀವ ಕಟ್ಟಿದವರು

ಬ್ರಿಟನ್ನಿನ ವೇಲ್ಸ್‌ನಲ್ಲಿ ಬಂಡೆ ಹತ್ತೋರು ಮೊದಲೆಲ್ಲ ಜೇಬಿನಲ್ಲಿ ಕಲ್ಲು ಇಟ್ಕೊಂಡು ಹೋಗ್ತಿದ್ರು. ಬಿರುಕಿಗೆ ಕಲ್ಲು ಸಿಕ್ಕಿಸಿ, ಅದಕ್ಕೆ ಹಗ್ಗ ಸುತ್ತೋದು. 1950ರ ದಶಕದ ಹೊತ್ತಿಗೆ ಸ್ನೋಡನ್ ಬೆಟ್ಟದ ರೈಲು ಹಳಿ ಪಕ್ಕ ಬಿದ್ದಿದ್ದ ಕಬ್ಬಿಣದ ನಟ್ಟುಗಳು ಕಣ್ಣಿಗೆ ಬಿದ್ದವು. ಒಳಗಿನ ಥ್ರೆಡ್ ಹಗ್ಗ ಕೊಯ್ಯುತ್ತೆ ಅಂತ ಅದನ್ನ ಉಜ್ಜಿ ತೆಗೆದರು. ಜುಗಾಡ್ ನಮ್ಮದೊಂದೇ ಅಲ್ಲ!

ನೈಲಾನ್ ಬರೋ ಮುಂಚೆ ಸೆಣಬಿನ ಹಗ್ಗ ತುಂಡಾಗ್ತಿತ್ತು, ಹಾಗಾಗಿ ಮುಂದೆ ಹತ್ತೋನು ಬೀಳೋ ಹಾಗೇ ಇಲ್ಲ. ಹೊಸಬರು ಹಿಂದೆ ಹಿಂದೆ ಹತ್ತಿ, ಅವನು ಸಿಕ್ಕಿಸಿದ ಒಂದೊಂದು ನಟ್ಟನ್ನೂ ಬಿಚ್ಚಿಕೊಂಡು ಬರಬೇಕು. ಯಾವುದು ಗಟ್ಟಿ, ಯಾವುದು ಸಡಿಲ ಅನ್ನೋದು ಕೈಗೆ ಗೊತ್ತಾಗ್ತಿತ್ತು.

ಮೇಲೆ ಕಟ್ಟೋ ಆಂಕರ್ ಕಿತ್ತರೆ ಇಬ್ಬರೂ ಹೋದರು. ಅದಕ್ಕೇ ಈಗ ಸಾಮಾನ್ಯವಾಗಿ ಮೂರು ಕಡೆ ಕಟ್ಟಿ ಭಾರ ಹಂಚ್ತಾರೆ. ಎರಡು ಎಳೆಗಳ ನಡುವೆ 60 ಡಿಗ್ರಿ ಇದ್ರೆ ಒಂದೊಂದರ ಮೇಲೆ ಸುಮಾರು 58% ಭಾರ, 120 ಡಿಗ್ರಿ ಆದರೆ ಪೂರ್ತಿ 100%. ಇನ್ನು ಮೂರೂ ನಟ್ಟು ಒಂದೇ ಅಲ್ಲಾಡೋ ಚಪ್ಪಡಿ ಹಿಂದೆ ಇದ್ರೆ? ಮೂರು ಸರ್ವರ್‌ಗೆ ಒಂದೇ ಪ್ಲಗ್ ಪಾಯಿಂಟ್ ಕೊಟ್ಟಂಗೆ.

ಅಮೆರಿಕದ ಯೋಸೆಮಿಟಿಯಲ್ಲಿ ಸುತ್ತಿಗೆಯಿಂದ ಮೊಳೆ ಹೊಡೆದೂ ಹೊಡೆದೂ ಬಿರುಕುಗಳೇ ಹಾಳಾಗಿದ್ದವು. 1967ರಲ್ಲಿ ರಾಯಲ್ ಮತ್ತು ಲಿಜ್ ರಾಬಿನ್ಸ್ ದಂಪತಿ ಬರೀ ನಟ್ಟು ನಂಬಿ 'ನಟ್‌ಕ್ರ್ಯಾಕರ್' ಹತ್ತಿದರು. 1972ರಲ್ಲಿ ಮೊಳೆ ಮಾರ್ತಿದ್ದ ಶುಯಿನಾರ್ಡ್ ತನ್ನ ಕ್ಯಾಟಲಾಗ್‌ನಲ್ಲೇ ಮೊಳೆ ಬಿಡಿ ಅಂದ. 1978ಕ್ಕೆ ರೇ ಜಾರ್ಡಿನ್‌ನ ಸ್ಪ್ರಿಂಗ್ ಇರೋ 'ಫ್ರೆಂಡ್ಸ್' ಮಾರುಕಟ್ಟೆಗೆ ಬಂತು. ಅದನ್ನ ಸಿಕ್ಕಿಸೋಕೆ ಕ್ಷಣ ಸಾಕು, ಬಂಡೆ ಗಟ್ಟಿಯಾ ಅಂತ ಅದು ಹೇಳಲ್ಲ. ಹಾಗಾಗಿ ಇವತ್ತಿಗೂ ಕಲಿಯೋರು ನೆಲದ ಮೇಲೇ ನಿಂತು ಆಂಕರ್ ಕಟ್ಟಿ, ಜೋತುಬಿದ್ದು, ಅನುಭವಸ್ಥರಿಗೆ ತೋರಿಸ್ತಾರೆ.